ಯಾರಾಗಿ ಪಡೆಯುತ್ತೇವೆ? ಕಲ್ಯಾಣ ರಾಜ್ಯಗಳ ಹೋಲಿಕೆ ಮತ್ತು ಅಡಿಕೆ ಸೀಮೆಯ ಮೂರು ತಾಲ್ಲೂಕುಗಳು



ಕಲ್ಯಾಣ ರಾಜ್ಯವನ್ನು ಕುರಿತು ಇಂದಿಗೂ ವಿದ್ಯಾರ್ಥಿಗಳು ಮೊದಲು ಓದುವ ಬರಹ ಒಂದು ಸ್ಮಾರಕ ಉಪನ್ಯಾಸ. ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಅವರ ಹೆಸರಿನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ನಡೆಯುವ ಉಪನ್ಯಾಸವನ್ನು 1949ರಲ್ಲಿ ಕೊಟ್ಟವರು ಸಮಾಜಶಾಸ್ತ್ರಜ್ಞ ಟಿ. ಎಚ್. ಮಾರ್ಷಲ್. ಕಾನೂನಿನ ಮುಂದೆ ಸಮಾನನಾಗುವ ಹಕ್ಕು 18ನೇ ಶತಮಾನದಲ್ಲಿ, ಮತ ಹಾಕುವ ಹಕ್ಕು 19ರಲ್ಲಿ, ಓದು, ಔಷಧಿ, ಮುಪ್ಪಿನ ಆಸರೆಗಳನ್ನು ಕೇಳಿ ಪಡೆಯುವ ಹಕ್ಕು 20ರಲ್ಲಿ ಇಂಗ್ಲೆಂಡಿನ ಜನಕ್ಕೆ ದಕ್ಕಿತು ಎಂಬುದು ಅವರ ವಾದದ ತಿರುಳು. ಅದರ ಹಿಂದಿನ ವರ್ಷವಷ್ಟೇ, 1948ರ ಜುಲೈ 5ರಂದು, ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಗಿತ್ತು. ಆಸ್ಪತ್ರೆಯ ಬಾಗಿಲಲ್ಲಿ ನೀನು ಬಡವನೋ, ಕಾರ್ಖಾನೆಯ ಆಳೋ, ಯಾವ ಸಂಘದ ಸದಸ್ಯ ಎಂದು ಯಾರೂ ಕೇಳಬಾರದು. ಈ ನೆಲದಲ್ಲಿ ಬಾಳುವವನಾಗಿದ್ದರೆ ಸಾಕು ಎಂಬುದು ಅದರ ತತ್ತ್ವ.

ಇದೇ ಮಾತನ್ನು ಹಿಡಿದು ಇವತ್ತು ಮುಂದೆ ಹೋಗುತ್ತೇನೆ. ಒಬ್ಬ ಮನುಷ್ಯ ಕಷ್ಟಕಾಲದಲ್ಲಿ ಆಸರೆ ಪಡೆಯುವಾಗ ಯಾರಾಗಿ ಪಡೆಯುತ್ತಾನೆ? ನೌಕರನಾಗಿಯೋ, ಬಡವನಾಗಿಯೋ, ಸೊಸೈಟಿಯ ಷೇರುದಾರನಾಗಿಯೋ, ಯಾರದೋ ಆಳಾಗಿಯೋ, ನಾಗರಿಕನಾಗಿಯೋ? ದೇಶದೇಶಗಳ ಕಲ್ಯಾಣ ವ್ಯವಸ್ಥೆಗಳನ್ನು ಹೋಲಿಸುವ ವಿದ್ವಾಂಸರು ಮೊದಲು ಎಷ್ಟು ಎಂದು ಕೇಳುತ್ತಿದ್ದರು. ಯಾರಾಗಿ ಎಂಬ ಪ್ರಶ್ನೆಗೆ ಅವರು ಬಂದದ್ದು ನಿಧಾನವಾಗಿ. ಆ ದಾರಿಯನ್ನು ಚಿಕ್ಕದಾಗಿ ಹೇಳಿ, ಅದೇ ಪ್ರಶ್ನೆಯನ್ನು ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನಮ್ಮ ಅಡಿಕೆ ಸೀಮೆಗೆ ಹಾಕಿ ನೋಡುವುದು ನನ್ನ ಉದ್ದೇಶ.

ಮೊದಲ ತಲೆಮಾರಿನ ಹೋಲಿಕೆ ಖರ್ಚಿನದು. ಅಮೆರಿಕದ ಹೆರಾಲ್ಡ್ ವಿಲೆನ್‌ಸ್ಕಿ 1975ರ ತಮ್ಮ ಪುಸ್ತಕದಲ್ಲಿ 64 ದೇಶಗಳನ್ನು ಸಾಲಾಗಿ ನಿಲ್ಲಿಸಿ, ರಾಷ್ಟ್ರೀಯ ಉತ್ಪನ್ನದಲ್ಲಿ ಎಷ್ಟು ಪಾಲು ಸಾಮಾಜಿಕ ಭದ್ರತೆಗೆ ಹೋಗುತ್ತದೆ ಎಂದು ನೋಡಿದರು. ದೇಶಕ್ಕೆ ಸಿರಿ ಬಂದಂತೆ, ಜನರಲ್ಲಿ ವೃದ್ಧರ ಪಾಲು ಹೆಚ್ಚಿದಂತೆ ಈ ಖರ್ಚು ಏರುತ್ತದೆ; ಆಳುವವರ ಸಿದ್ಧಾಂತ ಯಾವುದೆಂಬುದು ಅಷ್ಟು ದೊಡ್ಡ ಮಾತಲ್ಲ ಎಂದು ಅವರಿಗೆ ಕಂಡಿತು. ಇಂಥ ಪಟ್ಟಿ ಸುಲಭವಾಗಿ ಓದಿಸಿಕೊಳ್ಳುತ್ತದೆ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಇಂದಿಗೂ ಸಾಮಾಜಿಕ ವೆಚ್ಚದ ಪಟ್ಟಿಯನ್ನು ಪ್ರಕಟಿಸುತ್ತಿದೆ, ಪತ್ರಿಕೆಗಳು ಅದರ ಮೇಲೆ ಸಂಪಾದಕೀಯ ಬರೆಯುತ್ತಿವೆ.

ಆದರೆ ಖರ್ಚು ಏರಿದ್ದಕ್ಕೆ ಕಾರಣ ಬೇರೆಯೇ ಇರಬಹುದು. ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದ ಮೊದಲ ವರ್ಷಗಳಲ್ಲಿ ಬ್ರಿಟನ್ನಿನ ಸಾಮಾಜಿಕ ವೆಚ್ಚ ಏರಿತು. ಅದು ಸರ್ಕಾರದ ಔದಾರ್ಯವಲ್ಲ, ಕೆಲಸ ಕಳೆದುಕೊಂಡವರು ಹೆಚ್ಚಿದ್ದರ ಫಲ. ಆಸ್ಟ್ರಿಯಾದ ಖರ್ಚಿನಲ್ಲಿ ದೊಡ್ಡ ಪಾಲು ಸರ್ಕಾರಿ ನೌಕರರಿಗೇ ಹೋಗುತ್ತಿತ್ತು. ನಮ್ಮಲ್ಲೂ ಹೀಗೆಯೇ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ಕ್ಕಿಂತ ಮೊದಲು ನೌಕರಿ ಸೇರಿದ ಅಧಿಕಾರಿಗೆ ಕೊನೆಯ ಸಂಬಳಕ್ಕೆ ತಕ್ಕ ಪಿಂಚಣಿ ಇದೆ. ಜೀವಮಾನವೆಲ್ಲ ಬೇರೆಯವರ ತೋಟದಲ್ಲಿ ದುಡಿದ ಮುದುಕಿಗೆ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ ಇದೆ. ಅದರಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿಯಲ್ಲೇ ವರ್ಷಗಟ್ಟಲೆ ನಿಂತುಬಿಟ್ಟಿದೆ. ಉಳಿದದ್ದನ್ನು ರಾಜ್ಯ ತುಂಬಬೇಕು. ಅಂತರರಾಷ್ಟ್ರೀಯ ಪಟ್ಟಿಯ ಪ್ರಕಾರ ಇಬ್ಬರಿಗೂ ಹೋಗುವುದು ಸಾಮಾಜಿಕ ವೆಚ್ಚವೇ. ಕೂಡಿಸಿ ಒಂದು ಅಂಕಿ ಬರೆದರೆ ಆ ಮುದುಕಿ ಅದರಲ್ಲಿ ಕಾಣುವುದಿಲ್ಲ.

ಡೆನ್ಮಾರ್ಕಿನ ಯೋಸ್ಟಾ ಎಸ್ಪಿಂಗ್-ಆಂಡರ್ಸನ್ 1990ರಲ್ಲಿ ಪ್ರಕಟಿಸಿದ ಪುಸ್ತಕ ಈ ಶಾಸ್ತ್ರದ ದಿಕ್ಕು ಬದಲಿಸಿತು. ಅವರು ನೋಡಿದ್ದು 18 ಶ್ರೀಮಂತ ದೇಶಗಳನ್ನು, ಹೆಚ್ಚಾಗಿ 1980ರ ಸುಮಾರಿನ ಸ್ಥಿತಿಯನ್ನು. ಮುಪ್ಪು, ಕಾಯಿಲೆ, ನಿರುದ್ಯೋಗ ಈ ಮೂರು ಬಂದಾಗ ಮನುಷ್ಯನೊಬ್ಬ ಕೂಲಿಗೆ ಹೋಗದೆಯೂ ಮರ್ಯಾದೆಯಿಂದ ಬದುಕಬಲ್ಲನೇ ಎಂದು ಕೇಳಿದರು. ಸಂಬಳದ ಎಷ್ಟು ಪಾಲು ಕೈಗೆ ಬರುತ್ತದೆ, ಎಷ್ಟು ದಿನ ಕಾಯಬೇಕು, ಎಷ್ಟು ವರ್ಷ ವಂತಿಗೆ ಕಟ್ಟಿರಬೇಕು, ಎಷ್ಟು ಜನ ಒಳಗಿದ್ದಾರೆ ಎಂಬುದಕ್ಕೆಲ್ಲ ಅಂಕ ಕೊಟ್ಟರು. ಸ್ವೀಡನ್ನಿಗೆ 39.1 ಬಂತು, ಅಮೆರಿಕಕ್ಕೆ 13.8, ಆಸ್ಟ್ರೇಲಿಯಾಕ್ಕೆ 13. ಈ ಅಂಕಗಳ ಜೊತೆಗೆ ಬೇರೆ ಲಕ್ಷಣಗಳನ್ನೂ ಸೇರಿಸಿ ಮೂರು ಬಗೆ ಗುರುತಿಸಿದರು. ಅಮೆರಿಕದಂಥ ಕಡೆ ಬಡತನವನ್ನು ರುಜುವಾತು ಮಾಡಿ ತೋರಿಸಿದವನಿಗೆ ಅಲ್ಪ ನೆರವು. ಜರ್ಮನಿಯಂಥ ಕಡೆ ನೌಕರಿಗೆ ತಕ್ಕ ವಿಮೆ. ಬಿಸ್ಮಾರ್ಕ್ 1883ರಲ್ಲಿ ಕಾಯಿಲೆಗೆ, 1884ರಲ್ಲಿ ಅಪಘಾತಕ್ಕೆ, 1889ರಲ್ಲಿ ಮುಪ್ಪಿಗೆ ತಂದ ಕಾನೂನುಗಳ ಸಂತಾನ ಅದು. ಉತ್ತರ ಯುರೋಪಿನಲ್ಲಿ ತೆರಿಗೆಯ ಹಣದಿಂದ ಎಲ್ಲರಿಗೂ ಒಂದೇ ನೆಲೆಯ ಹಕ್ಕು. 2006ರಲ್ಲಿ ಲೈಲ್ ಸ್ಕ್ರಗ್ಸ್ ಮತ್ತು ಜೇಮ್ಸ್ ಅಲನ್ ಇದೇ ಲೆಕ್ಕವನ್ನು ಮತ್ತೆ ಮಾಡಿದಾಗ ಕೆಲವು ದೇಶಗಳ ಸ್ಥಾನ ಅದಲುಬದಲಾಯಿತು. ಅಂಕಗಳ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಎಸ್ಪಿಂಗ್-ಆಂಡರ್ಸನ್ ಕೇಳಿದ ಪ್ರಶ್ನೆಯನ್ನು ಮಾತ್ರ ಆಮೇಲೆ ಯಾರೂ ಬಿಡಲಿಲ್ಲ.

ಈ ಮೂರು ಬಗೆಗಳನ್ನು ಕೈಯಲ್ಲಿ ಹಿಡಿದು ಸಿದ್ದಾಪುರದ ಯಾವುದೇ ಊರಿಗೆ ಬನ್ನಿ. ನಿವೃತ್ತ ಮುಖ್ಯೋಪಾಧ್ಯಾಯರ ಪಿಂಚಣಿ ಜರ್ಮನಿಯ ಬಗೆಯದು. ನೌಕರಿಯ ಮೆಟ್ಟಿಲಿನಂತೆ ಭದ್ರತೆಯ ಮೆಟ್ಟಿಲು. ಪಕ್ಕದ ಕೇರಿಯ ವಿಧವೆಯ ಮಾಸಾಶನಕ್ಕೆ ತಹಸೀಲ್ದಾರರ ಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ಅದು ಬಡತನ ತೋರಿಸಿ ಪಡೆಯುವ ಬಗೆ. ಅವಳ ಮಗಳು 2023ರ ಜೂನ್ 11ರಿಂದ ವಾಯವ್ಯ ಸಾರಿಗೆ ಸಂಸ್ಥೆಯ ಬಸ್ಸು ಹತ್ತಿ ಟಿಕೆಟಿಗೆ ದುಡ್ಡು ಕೊಡದೆ ಶಿರಸಿಗೆ ಬರುತ್ತಾಳೆ. ಅವಳ ಪಹಣಿ, ಕಾರ್ಡಿನ ಬಣ್ಣ, ಜಾತಿ, ಸಂಬಳ ಯಾವುದನ್ನೂ ಕಂಡಕ್ಟರು ಕೇಳುವುದಿಲ್ಲ. ಮಹಿಳೆಯರ ಉಚಿತ ಪ್ರಯಾಣದ ಈ ಶಕ್ತಿ ಯೋಜನೆಯ ಆರ್ಥಿಕ ಹೊರೆಯ ಬಗ್ಗೆ ಚರ್ಚೆ ನಡೆಯಲಿ, ನಡೆಯಬೇಕು. ಅದರ ಅರ್ಹತೆಯ ಸ್ವರೂಪ ಮಾತ್ರ ಉತ್ತರ ಯುರೋಪಿನದಕ್ಕೆ ಹತ್ತಿರ. ಅದೇ ವರ್ಷದ ಗೃಹಲಕ್ಷ್ಮಿ ಹಾಗಲ್ಲ. ತಿಂಗಳಿಗೆ 2,000 ರೂಪಾಯಿ ಪಡೆಯಲು ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಹೆಸರಿರಬೇಕು, ಆದಾಯ ತೆರಿಗೆ ಕಟ್ಟುವ ಮನೆಯಾಗಿರಬಾರದು. ಒಂದೇ ಊರಿನಲ್ಲಿ ಮೂರೂ ಲೋಕಗಳು ಒಂದರ ಪಕ್ಕ ಒಂದು ಇವೆ. ಹಾಗಾಗಿ ಭಾರತ ಯಾವ ಗುಂಪಿಗೆ ಸೇರುತ್ತದೆ ಎಂಬ ಪ್ರಶ್ನೆಗಿಂತ ಊರಿನಲ್ಲಿ ಯಾರು ಯಾವ ಲೋಕದಲ್ಲಿದ್ದಾರೆ ಎಂಬ ಪ್ರಶ್ನೆ ನನಗೆ ದೊಡ್ಡದು.

ಹೋಲಿಕೆಯ ಘಟಕ ದೇಶವೇ ಆಗಬೇಕೆಂದು ಯಾರೂ ವಿಧಿಸಿಲ್ಲ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಕರ್ನಾಟಕದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು, 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳೂ ಆ ಕೋಷ್ಟಕದಲ್ಲಿ ಒಂದೊಂದು ಸಾಲು. ಪ್ರೇರಣಾ ಸಿಂಗ್ 2015ರ ಪುಸ್ತಕದಲ್ಲಿ ಕೇರಳ, ತಮಿಳುನಾಡುಗಳನ್ನು ಉತ್ತರದ ರಾಜ್ಯಗಳ ಜೊತೆ ಇಟ್ಟು ನೋಡಿ, ನಾವೆಲ್ಲ ಒಂದು ನಾಡಿನವರು ಎಂಬ ಭಾವ ಗಟ್ಟಿಯಿದ್ದಲ್ಲಿ ಶಾಲೆ, ಆಸ್ಪತ್ರೆಗಳು ಬೇಗ ಬೆಳೆದವು ಎಂದು ವಾದಿಸಿದರು. ತಾಲ್ಲೂಕುಗಳನ್ನೂ ರಾಜ್ಯಗಳನ್ನೂ ಹೀಗೆ ಅಳೆಯಬಹುದಾದರೆ, ಊರನ್ನೂ ಕೇರಿಯನ್ನೂ ಅಳೆಯಬಹುದು.

ಅಷ್ಟು ಕೆಳಗೆ ಇಳಿದರೆ ಸರ್ಕಾರದ ಯೋಜನೆಗಳಿಗಿಂತ ಹಳೆಯದಾದ ಇನ್ನೊಂದು ಆಸರೆ ಕಾಣುತ್ತದೆ. ಇಯಾನ್ ಗಫ್ ಮತ್ತು ಜೆಫ್ ವುಡ್ 2004ರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳನ್ನು ಕುರಿತು ಬರೆಯುತ್ತ, ದಕ್ಷಿಣ ಏಷ್ಯಾದಲ್ಲಿ ಜನರನ್ನು ಎತ್ತಿ ಹಿಡಿದಿರುವುದು ರಾಜ್ಯವೂ ಅಲ್ಲ, ಮಾರುಕಟ್ಟೆಯೂ ಅಲ್ಲ, ಬಂಧುಬಳಗ ಮತ್ತು ಒಡೆಯ-ಆಳಿನ ಸಂಬಂಧ ಎಂದರು. ಅದರ ಬೆಲೆಯನ್ನೂ ಅವರು ಹೇಳಿದ್ದಾರೆ. ಆಳಿಗೆ ಜ್ವರ ಬಂದರೆ ಒಡೆಯ ದವಾಖಾನೆಗೆ ಕರೆದೊಯ್ಯುತ್ತಾನೆ, ಮಗಳ ಮದುವೆಗೆ ಮುಂಗಡ ಕೊಡುತ್ತಾನೆ. ಮುಂದಿನ ಕೊನೆಕೊಯ್ಲಿನ ಹೊತ್ತಿಗೆ ಆ ಆಳು ಕೂಲಿಯ ದರ ಮಾತಾಡುವಂತಿಲ್ಲ, ಹೆಚ್ಚು ಕೊಡುವ ತೋಟಕ್ಕೆ ಹೋಗುವಂತಿಲ್ಲ. ಇವತ್ತಿನ ಊಟ ಗಟ್ಟಿ ಮಾಡಿಕೊಳ್ಳಲು ನಾಳಿನ ಸ್ವಾತಂತ್ರ್ಯವನ್ನು ಒತ್ತೆಯಿಡುವುದು ಇದು. ನಮ್ಮ ಸೀಮೆಯಲ್ಲಿ ಅನೇಕ ಒಡೆಯರು ಮನಸ್ಸಿನಿಂದ ಸಹಾಯ ಮಾಡಿದವರು. ಅವರ ಒಳ್ಳೆಯತನವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಳ್ಳೆಯತನವನ್ನು ಆಳು ಹಕ್ಕಿನಿಂದ ಕೇಳಲಾರ.

ಮನೆಯ ಒಳಗಿನ ದುಡಿಮೆಯದು ಮತ್ತೊಂದು ಮಾತು. ಬ್ರಿಟನ್ನಿನ ಜೇನ್ ಲೂಯಿಸ್ 1992ರಲ್ಲಿ, ಗಂಡು ದುಡಿದು ತರುತ್ತಾನೆ, ಹೆಂಗಸು ನೋಡಿಕೊಳ್ಳುತ್ತಾಳೆ ಎಂಬ ಎಣಿಕೆಯ ಮೇಲೆ ಕಲ್ಯಾಣ ವ್ಯವಸ್ಥೆಗಳು ನಿಂತಿವೆ, ಆ ಎಣಿಕೆ ಎಲ್ಲಿ ಎಷ್ಟು ಗಟ್ಟಿ ಎಂಬುದರಿಂದಲೇ ದೇಶಗಳನ್ನು ಹೋಲಿಸಿ ಎಂದರು. ಮಕ್ಕಳೆಲ್ಲ ಬೆಂಗಳೂರು ಸೇರಿ, ಎಂಟು ಅಂಕಣದ ಮನೆಯಲ್ಲಿ ಮುದುಕ ಮುದುಕಿ ಇಬ್ಬರೇ ಉಳಿದ ಊರುಗಳು ಈ ಮೂರು ತಾಲ್ಲೂಕುಗಳಲ್ಲಿ ಎಷ್ಟೋ ಇವೆ. ಸೊಸೆ ಊರಲ್ಲೇ ಉಳಿದ ಮನೆಗಳಲ್ಲೂ ಪಾರ್ಶ್ವವಾಯು ಬಡಿದ ಅತ್ತೆಗೆ ಸ್ನಾನ ಮಾಡಿಸುವ ಅವಳ ದುಡಿಮೆ ಯಾವ ಸಾಮಾಜಿಕ ವೆಚ್ಚದ ಪಟ್ಟಿಯಲ್ಲೂ ಇಲ್ಲ. ಅಂಥ ಸೊಸೆ ಊರಿನಲ್ಲಿ ಇಲ್ಲದಾಗ ಏನು ಗತಿ ಎಂಬುದಕ್ಕೆ ನಮ್ಮಲ್ಲಿ ಯಾವ ಇಲಾಖೆಯ ಬಳಿಯೂ ಉತ್ತರವಿಲ್ಲ.

ಈಗ ನಮ್ಮ ಸೀಮೆಯ ಹೆಮ್ಮೆಗೆ ಬರುತ್ತೇನೆ. ಜರ್ಮನಿಯ ರೈನ್ ಸೀಮೆಯಲ್ಲಿ ಫ್ರೆಡ್ರಿಕ್ ರೈಫೈಸೆನ್ 19ನೇ ಶತಮಾನದಲ್ಲಿ ಕಟ್ಟಿದ ಹಳ್ಳಿಯ ಸಾಲ ಸಂಘಗಳನ್ನು ಮದರಾಸು ಸರ್ಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅಭ್ಯಾಸ ಮಾಡಿ ವರದಿ ಕೊಟ್ಟರು. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾನೂನು ಬಂತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಶಿರಸಿಯಲ್ಲಿ 1920ರಲ್ಲಿ ಕೆನರಾ ಜಿಲ್ಲಾ ಕೇಂದ್ರ ಸಹಕಾರಿ (ಕೆಡಿಸಿಸಿ) ಬ್ಯಾಂಕು, 1923ರಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಎದ್ದವು. ದಲ್ಲಾಳಿಗಳ ಕೈಯಿಂದ ಅಡಿಕೆಯನ್ನು ಬಿಡಿಸಿ, ಬೆಳೆದವನ ಕಣ್ಣೆದುರು ಟೆಂಡರು ಮಾಡಿ, ಅವನ ಹೆಸರಿನ ಖಾತೆಗೆ ಹಣ ಹಾಕಿದ್ದು ಸಣ್ಣ ಕ್ರಾಂತಿಯಲ್ಲ. ಈ ಸೀಮೆಯ ತೋಟಿಗನಿಗೆ ಸೊಸೈಟಿ ಬ್ಯಾಂಕೂ ಹೌದು, ಕಿರಾಣಿ ಅಂಗಡಿಯೂ ಹೌದು, ಎಷ್ಟೋ ಕಡೆ ರೇಷನ್ ಅಂಗಡಿಯೂ ಅದೇ. ಶಿರಸಿಯಲ್ಲಿ ಆಸ್ಪತ್ರೆಯನ್ನೂ ಅದು ಕಟ್ಟಿದೆ. ಚಾಲಿ, ರಾಶಿ ಅಡಿಕೆ ಒಣಗುವ ಮೊದಲೇ ಮದ್ದಿಗೆ, ಕೂಲಿಗೆ, ಮಕ್ಕಳ ಫೀಗೆ ಹಣ ಕೊಡುವುದು ಸೊಸೈಟಿಯ ಆಸಾಮಿ ಸಾಲವೇ.

ವಿದ್ವಾಂಸರು ಇಂಥದನ್ನು ಕಾಣಲು ತಡಮಾಡಿದ್ದಾರೆ. ಅಮೆರಿಕ ಕಲ್ಯಾಣ ರಾಜ್ಯದಲ್ಲಿ ಹಿಂದೆ ಬಿದ್ದ ದೇಶ ಎಂದು ಎಲ್ಲರೂ ಬರೆಯುತ್ತಿದ್ದಾಗ ಥೀಡಾ ಸ್ಕಾಚ್‌ಪೋಲ್ 1992ರಲ್ಲಿ, ಅಂತರ್ಯುದ್ಧದ ಸೈನಿಕರಿಗೂ ತಾಯಂದಿರಿಗೂ ಅಲ್ಲಿ ಮೊದಲಿನಿಂದಲೇ ಪಿಂಚಣಿ ಇದ್ದುದನ್ನು ಎತ್ತಿ ತೋರಿಸಿದರು. ಹುಡುಕುವ ಜಾಗ ಬದಲಾಯಿತು, ಕಾಣುವುದೂ ಬದಲಾಯಿತು. ಶಿರಸಿಯ ಸಹಕಾರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇಲ್ಲಿನ ಸಾಮಾಜಿಕ ಭದ್ರತೆಯನ್ನು ಅಳೆಯಲು ಬಂದವನ ಅಳತೆಗೋಲು ತಪ್ಪು.

ಸಂಘ ಕೊಡುವುದು ಸದಸ್ಯನಿಗೆ. ಸದಸ್ಯತ್ವದ ಬಾಗಿಲು ಕಾನೂನಿನಲ್ಲಿ ಎಷ್ಟೇ ತೆರೆದಿರಲಿ, ಸಾಲದ ಪ್ರಮಾಣ ಪಹಣಿಯ ಎಕರೆ-ಗುಂಟೆಯನ್ನು ನೋಡಿಕೊಂಡೇ ನಿರ್ಧಾರವಾಗುತ್ತದೆ. ವ್ಯಾಪಾರ ಅಡಿಕೆ ತಂದು ಹಾಕುವವನದು. ಪಹಣಿಯೂ ಅಡಿಕೆಯೂ ಇಲ್ಲದವನಿಗೆ ಅಲ್ಲಿರುವ ಜಾಗ ಬಹಳ ಕಿರಿದು. ಯಶಸ್ವಿನಿ ಯೋಜನೆ ಇದನ್ನು ಚೆನ್ನಾಗಿ ತೋರಿಸುತ್ತದೆ. 2003ರಲ್ಲಿ ಕರ್ನಾಟಕದ ಸಹಕಾರ ಸಂಘಗಳ ಸದಸ್ಯರಿಗಾಗಿ ಶುರುವಾದ ಆ ಆರೋಗ್ಯ ಯೋಜನೆಯ ಮೊದಲ ವಂತಿಗೆ ವರ್ಷಕ್ಕೆ ತಲೆಗೆ 60 ರೂಪಾಯಿ. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹೃದಯದ ಶಸ್ತ್ರಚಿಕಿತ್ಸೆಗೆ ತೋಟ ಅಡವಿಡುವ ಕಾಲ ಅನೇಕ ಮನೆಗಳಿಗೆ ಅದರಿಂದ ತಪ್ಪಿತು. ಅದೇ 2003ರಲ್ಲಿ ಚೀನಾ ತನ್ನ ಹಳ್ಳಿಗಳಲ್ಲಿ ಹೊಸ ಸಹಕಾರಿ ವೈದ್ಯಕೀಯ ಯೋಜನೆಯ ಪ್ರಯೋಗ ಆರಂಭಿಸಿತು. ಅಲ್ಲೂ ಸ್ವಇಚ್ಛೆಯ ವಂತಿಗೆ, ಅಲ್ಲೂ ಸಹಕಾರಿ ಎಂಬ ಹೆಸರು. ಆದರೆ ಸೇರುವ ಅರ್ಹತೆ ಹಳ್ಳಿಯ ವಾಸ. ಸರ್ಕಾರ ತನ್ನ ಪಾಲನ್ನು ವರ್ಷವರ್ಷ ಏರಿಸುತ್ತ ಹೋಯಿತು. ಹತ್ತು ವರ್ಷ ತುಂಬುವುದರೊಳಗೆ ಹಳ್ಳಿಗರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ಒಳಗೆ ಬಂದರು. ಯಶಸ್ವಿನಿ ಸಂಘದ ಬೇಲಿಯ ಒಳಗೇ ಉಳಿಯಿತು, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಕರಗಿತು, 2022ರಲ್ಲಿ ಮತ್ತೆ ಎದ್ದಿತು. ಎರಡರಲ್ಲಿ ಯಾವುದರ ಚಿಕಿತ್ಸೆ ಉತ್ತಮ ಎಂದು ನಾನು ಹೇಳುತ್ತಿಲ್ಲ. ಒಂದು ಊರಿನವನಾಗಿ, ಇನ್ನೊಂದು ಸದಸ್ಯನಾಗಿ: ವ್ಯಾಪ್ತಿಯ ಅಂತರದಲ್ಲಿ ಇದರ ಪಾಲು ದೊಡ್ಡದು.

ಆರೋಗ್ಯ ಯೋಜನೆಯ ಕಾರ್ಡು ಯಾವುದೇ ಇರಲಿ, ಆಸ್ಪತ್ರೆ ಎಲ್ಲಿದೆ ಎಂಬುದನ್ನೂ ಹೋಲಿಕೆಯಲ್ಲಿ ಸೇರಿಸಬೇಕು. ತಲೆಗೆ ಪೆಟ್ಟು ಬಿದ್ದವನನ್ನು ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರು, ಇಲ್ಲವೇ ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಒಯ್ಯುವ ಪಾಡು ಈ ಜಿಲ್ಲೆಯ ಜನಕ್ಕೆ ಗೊತ್ತು. ಅತ್ಯಾಧುನಿಕ ಆಸ್ಪತ್ರೆಗಾಗಿ ಉತ್ತರ ಕನ್ನಡದ ಜನ ಬೀದಿಗಿಳಿದದ್ದು, ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ ಎಂದದ್ದು ಇದೇ ಕಾರಣಕ್ಕೆ. ಐದು ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇದೆ ಎಂದು ಕೋಷ್ಟಕದಲ್ಲಿ ಬರೆಯುವವರು ಆಂಬುಲೆನ್ಸಿನ ಆ ಎರಡು ಮೂರು ತಾಸುಗಳನ್ನು ಬರೆಯಲು ಒಂದು ಕಾಲಂ ಬಿಡಬೇಕು.

ಕಲ್ಯಾಣ ರಾಜ್ಯವನ್ನು ಕಾರ್ಖಾನೆಯ ಕಾರ್ಮಿಕರು ಕಟ್ಟಿದರು ಎಂದು ನಾವೆಲ್ಲ ಓದಿದ್ದೇವೆ. ಪೀಟರ್ ಬಾಲ್ಡ್‌ವಿನ್ 1990ರಲ್ಲಿ ಬರೆದ ಚರಿತ್ರೆ ಬೇರೆ ಹೇಳುತ್ತದೆ. ಡೆನ್ಮಾರ್ಕಿನಲ್ಲಿ 1891ರ ವೃದ್ಧಾಪ್ಯ ಕಾನೂನು ವಂತಿಗೆಯ ಮೇಲಲ್ಲ, ತೆರಿಗೆಯ ಮೇಲೆ ನಿಂತದ್ದಕ್ಕೆ ಅಲ್ಲಿನ ರೈತರೇ ಕಾರಣ. ಕೂಲಿಗಳ ವಂತಿಗೆಯ ಹೊರೆ ತಮ್ಮ ಮೇಲೆ ಬೀಳಬಾರದು, ಪೇಟೆಯವರೂ ತೆರಬೇಕು ಎಂಬುದು ಅವರ ಲೆಕ್ಕ. ಸ್ವಾರ್ಥದಿಂದ ಹುಟ್ಟಿದ ಆ ಏರ್ಪಾಡು ಎಲ್ಲರಿಗೂ ನೆರಳಾಯಿತು. 1933ರಲ್ಲಿ ಇನ್ನೂ ದೊಡ್ಡ ಒಪ್ಪಂದ ನಡೆಯಿತು. ಸ್ವೀಡನ್ನಿನ ರೈತರ ಪಕ್ಷ ಬೆಣ್ಣೆ ಮತ್ತಿತರ ಉತ್ಪನ್ನಗಳ ಬೆಲೆಗೆ ರಕ್ಷಣೆ ಕೇಳಿತು. ಪೇರ್ ಆಲ್ಬಿನ್ ಹಾನ್ಸನ್ ಅವರ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಅದನ್ನು ಒಪ್ಪಿತು. ಪ್ರತಿಯಾಗಿ, ಕೆಲಸವಿಲ್ಲದವರಿಗೆ ಸರ್ಕಾರ ಸರಿಯಾದ ಕೂಲಿಯಲ್ಲಿ ಕೆಲಸ ಕೊಡುವ ಕಾರ್ಯಕ್ರಮವನ್ನು ರೈತರು ಒಪ್ಪಿದರು. ಡೆನ್ಮಾರ್ಕಿನಲ್ಲೂ ಅದೇ ವರ್ಷ ಜನವರಿಯಲ್ಲಿ ಇಂಥದೇ ಕೊಡುಕೊಳ್ಳುವಿಕೆ ಆಯಿತು. ಅದೇ ಹೊತ್ತಿಗೆ ನಮ್ಮ ಸಿದ್ದಾಪುರದ ರೈತರು ಕರನಿರಾಕರಣೆ ಮಾಡಿ ಜಮೀನು ಕಳೆದುಕೊಂಡಿದ್ದರು. ಪರಕೀಯ ಸರ್ಕಾರದೊಡನೆ ಅಂಥ ಒಪ್ಪಂದಕ್ಕೆ ಎಡೆಯೇ ಇರಲಿಲ್ಲ. ಇವತ್ತು ಇದೆ. ಆದರೂ ನಾವು ಮಾಡಿದ್ದು ಒಪ್ಪಂದದ ಅರ್ಧ.

ಹೇಗೆಂದು ಹೇಳುತ್ತೇನೆ. ಎಸ್ಪಿಂಗ್-ಆಂಡರ್ಸನ್ ಆಸ್ಟ್ರೇಲಿಯಾಕ್ಕೆ ಎಲ್ಲಕ್ಕಿಂತ ಕಡಿಮೆ ಅಂಕ ಕೊಟ್ಟರಲ್ಲ, ಅಲ್ಲಿನ ಫ್ರಾನ್ಸಿಸ್ ಕ್ಯಾಸಲ್ಸ್ ಅಂಥ ಅಳತೆಯನ್ನು ಒಪ್ಪಲಿಲ್ಲ. ಆಸ್ಟ್ರೇಲಿಯಾ ಆಮದು ಸುಂಕದಿಂದಲೂ ಕೂಲಿ ನ್ಯಾಯಮಂಡಳಿಯಿಂದಲೂ ದುಡಿಯುವವನ ಸಂಬಳವನ್ನೇ ಕಾಪಾಡಿತು. ಬೇರೆ ದಾರಿಯಲ್ಲಿ ಮಾಡಿದ ಕಲ್ಯಾಣವದು, ಪಿಂಚಣಿಯ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ ಎಂದರು. ಈ ಕಣ್ಣಿನಿಂದ ನೋಡಿದರೆ ಅಡಿಕೆಯ ಕನಿಷ್ಠ ಆಮದು ಬೆಲೆಯೂ ಕಲ್ಯಾಣ ನೀತಿಯೇ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಅದು ಬೇಕಾಗಿತ್ತು, ಅದಕ್ಕಾಗಿ ಹೋರಾಡಿದವರಿಗೆ ನಾವು ಋಣಿ. ಆದರೆ ಆಸ್ಟ್ರೇಲಿಯಾದಲ್ಲಿ ಸುಂಕದ ಜೊತೆ ಕೂಲಿಯ ನ್ಯಾಯಮಂಡಳಿ ಇತ್ತು, ಸ್ವೀಡನ್ನಿನಲ್ಲಿ ಬೆಣ್ಣೆಯ ಬೆಲೆಯ ಜೊತೆ ಕೂಲಿಗೆ ಕೆಲಸ ಇತ್ತು. ನಾವು ಅಡಿಕೆಗೆ ಬೆಲೆ ಕೇಳುವ ಮನವಿಯಲ್ಲಿ, ಅಡಿಕೆ ಕೊಯ್ಯುವವನ ಹೆಸರಿನ ಒಂದು ಪ್ಯಾರಾ ಇರುವುದಿಲ್ಲ.

ಭೂಮಿಯ ವಿಷಯದಲ್ಲೂ ಕೂಲಿಯವನನ್ನು ಹೊರಗಿಡುವ ಇಂಥದೇ ಬೇಲಿ ಕಾಣುತ್ತದೆ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಗೇಣಿ ಅಳೆಯುವ ಕೊಳಗದ ಗಾತ್ರವೇ ಅಲ್ಲಿ ಜಗಳದ ಮೂಲ. ಉತ್ತರ ಕನ್ನಡದ ಕರಾವಳಿಯಲ್ಲಿ ದಿನಕರ ದೇಸಾಯಿಯವರು ಅದಕ್ಕೂ ಮೊದಲೇ ರೈತಕೂಟ ಕಟ್ಟಿ ಜಿಲ್ಲೆಯಿಂದ ಗಡಿಪಾರಾಗಿದ್ದರು. ಭೂಸುಧಾರಣೆ ಕಾನೂನಿಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. 7ನೇ ನಮೂನೆ ತುಂಬಿ, ಭೂನ್ಯಾಯ ಮಂಡಳಿಯ ಮುಂದೆ ನಿಂತು, ಗೇಣಿದಾರ ಒಡೆಯನಾದ. ಎರಡು ಕನ್ನಡ ಜಿಲ್ಲೆಗಳಲ್ಲೂ ಶಿವಮೊಗ್ಗದಲ್ಲೂ ಇದರ ಫಲ ಉಳಿದ ಕಡೆಗಳಿಗಿಂತ ಹೆಚ್ಚು. ಅತುಲ್ ಕೊಹ್ಲಿ 1987ರ ತಮ್ಮ ಪುಸ್ತಕದಲ್ಲಿ ಅರಸರ ಕರ್ನಾಟಕವನ್ನು ಪಶ್ಚಿಮ ಬಂಗಾಳ ಮತ್ತು ಉತ್ತರ ಪ್ರದೇಶಗಳೊಡನೆ ಹೋಲಿಸಿ, ಸಂಘಟಿತ ಪಕ್ಷದ ಬಲವಿದ್ದ ಬಂಗಾಳದಲ್ಲಿ ಸುಧಾರಣೆ ಇನ್ನೂ ಆಳಕ್ಕೆ ಇಳಿಯಿತು ಎಂದರು. ಆ ಹೋಲಿಕೆಯ ಬಗ್ಗೆ ವಾದ ಮಾಡಬಹುದು. ಗೇಣಿ ಚೀಟಿಯೂ ಇಲ್ಲದ ಕೂಲಿಯವನಿಗೆ ಮಾತ್ರ 7ನೇ ನಮೂನೆಯಲ್ಲಿ ಬರೆಯಲು ಏನೂ ಇರಲಿಲ್ಲ, ಇದರ ಬಗ್ಗೆ ವಾದವಿಲ್ಲ. ಅಂಥವರಲ್ಲಿ ಎಷ್ಟೋ ಜನ ಬೆಟ್ಟದ ಅಂಚಿನಲ್ಲಿ ತುಂಡು ಭೂಮಿ ಮಾಡಿಕೊಂಡರು, ಅತಿಕ್ರಮಣದಾರರು ಅನ್ನಿಸಿಕೊಂಡರು. 2006ರ ಅರಣ್ಯ ಹಕ್ಕು ಕಾನೂನು ಬಂದಾಗ ಬುಡಕಟ್ಟಿನವರಲ್ಲದವರಿಂದ ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸದ ಸಾಕ್ಷ್ಯ ಕೇಳಲಾಯಿತು. ಯಲ್ಲಾಪುರದ ಸಿದ್ದಿ ಸಮುದಾಯದವರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಅವರಿಗೆ ಆ ಷರತ್ತಿಲ್ಲ. ಅದೇ ಕಾಡಿನಂಚಿನಲ್ಲಿ, ಅಷ್ಟೇ ಬಡತನದಲ್ಲಿ ಬಾಳುವ ಬೇರೆ ಜಾತಿಯ ನೆರೆಯವನಿಗೆ ಇದೆ. ಯಾರಾಗಿ ಪಡೆಯುತ್ತೇವೆ ಎಂಬುದು ಇಲ್ಲಿ ಮನೆ ಉಳಿಯುವ, ಹೋಗುವ ಪ್ರಶ್ನೆ.

ಕೊನೆಯದಾಗಿ ಕೊನೆಗೌಡನ ವಿಚಾರ. ಮಳೆಗಾಲದಲ್ಲಿ ಜಾರುವ ಮರ ಹತ್ತಿ ಮದ್ದು ಹೊಡೆಯುವವನು, ಕೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವವನು, ಚಳಿಗಾಲದಲ್ಲಿ ಮರದಿಂದ ಮರಕ್ಕೆ ಬಾಗಿ ಕೊನೆ ಇಳಿಸುವವನು. ಅವನಿಲ್ಲದೆ ಈ ಸೀಮೆಯ ಒಂದು ರೂಪಾಯಿ ವಹಿವಾಟೂ ಇಲ್ಲ. ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಸೊಸೈಟಿಯ ಮೂಲಕವೇ ಪ್ರೀಮಿಯಂ ಹೋಗುತ್ತದೆ. ಪಂಚಾಯ್ತಿಯ ಮಳೆ ಮಾಪಕ ಹೇಳಿದಂತೆ ಪರಿಹಾರ ಖಾತೆಗೆ ಬೀಳುತ್ತದೆ. ಮರಕ್ಕೆ ಬರುವ ಕೊಳೆರೋಗದ ಭಯಕ್ಕೆ ಇಷ್ಟೆಲ್ಲ ಏರ್ಪಾಡು ಮಾಡಿಕೊಂಡ ನಾವು, ಮರದಿಂದ ಬೀಳುವ ಮನುಷ್ಯನಿಗೆ ಎಲ್ಲರನ್ನೂ ಒಳಗೊಳ್ಳುವ ಕಡ್ಡಾಯ ವಿಮೆಯನ್ನು ಮಾಡಿಲ್ಲ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿ ಪಡೆಯುವ ಕೇಂದ್ರದ ಅಪಘಾತ ವಿಮೆ ಇದೆ. ಆದರೆ ಅದು ಸಾವಿಗೆ, ಅಂಗ ಊನಕ್ಕೆ. ಬೆನ್ನುಮೂಳೆಗೆ ಪೆಟ್ಟಾಗಿ ಒಂದು ವರ್ಷ ಮಲಗಿದವನ ಮನೆಯ ಅಕ್ಕಿಗೆ, ಔಷಧಿಗೆ ಅದರಲ್ಲಿ ಉತ್ತರವಿಲ್ಲ.

ಸಹಕಾರವನ್ನು ನಾವು ಜರ್ಮನಿಯಿಂದ ತಂದೆವು. ಅದೇ ಜರ್ಮನಿ 1886ರಲ್ಲಿ ತನ್ನ ಅಪಘಾತ ವಿಮೆಯನ್ನು ಹೊಲದ, ಕಾಡಿನ ಕೂಲಿಗಳಿಗೂ ವಿಸ್ತರಿಸಿತು. ಅಲ್ಲಿ ವಿಮೆಯನ್ನು ನಡೆಸಿದ್ದು ಭೂಮಿಯುಳ್ಳವರು ಸೇರಿದ ಪರಸ್ಪರ ಸಂಘ, ವಂತಿಗೆ ಪೂರ್ತಿ ಒಡೆಯರದು, ಪರಿಹಾರ ಆಳಿನದು, ಸೇರುವುದು ಬಿಡುವುದು ಒಡೆಯನ ಇಷ್ಟಕ್ಕೆ ಬಿಟ್ಟದ್ದಲ್ಲ. ಸಾಲದ ಸಂಘವನ್ನು ತಂದ ನಾವು ಇದನ್ನು ಅಲ್ಲೇ ಬಿಟ್ಟು ಬಂದೆವು. ಈ ಮೂರು ತಾಲ್ಲೂಕುಗಳಲ್ಲಿ ಅದನ್ನು ಮಾಡಲು ಬೇಕಾದ ಕಟ್ಟಡ, ಲೆಕ್ಕಪತ್ರ, ನಂಬಿಕೆ ಮೂರೂ 100 ವರ್ಷದಿಂದ ಇವೆ. ಅಡಿಕೆ ವ್ಯಾಪಾರವಾಗಿ ಪಟ್ಟಿ ಬರೆಯುವಾಗ ಕ್ವಿಂಟಲಿಗೆ ಇಂತಿಷ್ಟೆಂದು ಮುರಿದು ಒಂದು ನಿಧಿ ಮಾಡಬಹುದು. ಮರ ಹತ್ತುವವರ ಹೆಸರುಗಳನ್ನು ಊರೂರಿನಲ್ಲಿ ಬರೆಸಿಕೊಳ್ಳಬಹುದು, ಅವರು ಸದಸ್ಯರಾಗಿರಬೇಕಿಲ್ಲ.

ಆಗ ಇಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳಿಗೆ ಹೋಲಿಕೆಯ ಶಾಸ್ತ್ರ ಕೈಗೆ ಸಿಗುವ ಕೆಲಸವಾಗುತ್ತದೆ. ಬಿದ್ದ ದಿನಕ್ಕೂ ಹಣ ಬಂದ ದಿನಕ್ಕೂ ನಡುವೆ ಎಷ್ಟು ದಿನ? ದಿನಗೂಲಿಯ ಎಷ್ಟು ಪಾಲು, ಎಷ್ಟು ತಿಂಗಳು? ಶಿರಸಿಯಲ್ಲಿ ಎಷ್ಟು ಹೆಸರು ಬಂದವು, ಯಲ್ಲಾಪುರದ ಸಿದ್ದಿ ಕೇರಿಗಳಲ್ಲಿ ಎಷ್ಟು ಬಿಟ್ಟುಹೋದವು? ಎಸ್ಪಿಂಗ್-ಆಂಡರ್ಸನ್ ಸ್ವೀಡನ್ನಿಗೆ ಕೇಳಿದ ಪ್ರಶ್ನೆಗಳೇ ಇವು. ಇದರ ಜೊತೆ ಒಂದು ಪ್ರಶ್ನೆಯನ್ನು ನಿಯಮ ಬರೆಯುವಾಗಲೇ ಇತ್ಯರ್ಥ ಮಾಡಬೇಕು: ಬಿದ್ದವನು ಪರಿಹಾರ ಕೇಳಲು ತೋಟದ ಒಡೆಯನ ಚೀಟಿ ತರಬೇಕೋ ಬೇಡವೋ? ಬೇಡ ಎಂಬುದು ನನ್ನ ಮತ. ಅವನ ಜೊತೆ ಮರ ಹತ್ತಿದ ಇಬ್ಬರ ಸಾಕ್ಷಿ ಮತ್ತು ವೈದ್ಯರ ಪತ್ರ ಸಾಕು.